ಮಲ್ಪೆ ಕಡಲಲ್ಲಿ ಫಿಶ್ ಫೈಂಡರ್ ಇಟ್ಕೊಂಡು ಗಾಳ ಹಾಕಿದ ನನ್ನ ಅನುಭವ

ಮೂರು ವರ್ಷದಿಂದ ನಾನು ಮಲ್ಪೆ ಹೊರಗೆ ಸಣ್ಣ ಫೈಬರ್ ದೋಣಿಯಲ್ಲಿ ಗಾಳ ಹಾಕ್ಲಿಕ್ಕೆ ಹೋಗುವಾಗ ಫಿಶ್ ಫೈಂಡರ್ ತಗೊಂಡು ಹೋಗ್ತೇನೆ, ನೀರೊಳಗೆ ಶಬ್ದ ಕಳಿಸಿ ಆಳ, ನೆಲ, ಮೀನು ಸ್ಕ್ರೀನಲ್ಲಿ ತೋರಿಸುವ ಸಣ್ಣ ಮಿಷನ್ ಅದು. ಮಾರುವ ಮೀನು ಅಲ್ಲ, ಭಾನುವಾರದ ಹುಚ್ಚು, ಸಿಕ್ಕಿದ್ದು ಮನೆಗೆ ಮತ್ತೆ ಆಚೀಚೆ ಮನೆಯವರಿಗೆ. ದೋಣಿ ನಮ್ಮ ಮನೆ ಹತ್ರದ ಒಬ್ರು ಹಿರಿಯರದ್ದು, ಅವ್ರು ಮೊದಲು ದೊಡ್ಡ ಬೋಟಲ್ಲಿ ತಾಂಡೇಲ, ಅಂದ್ರೆ ಬೋಟ್ ನಡೆಸುವವರು, ಆಗಿದ್ದವರು, ನಾನು ಅವರನ್ನ ಮಾವ ಅಂತ್ಲೇ ಕರೆಯೋದು. ಪೆಟ್ರೋಲ್ ನನ್ನದು, ಮೀನು ಅರ್ಧ ಅರ್ಧ.

ನಾನು ತಗೊಂಡದ್ದು ಗಾರ್ಮಿನ್ ಸ್ಟ್ರೈಕರ್ 4, ಮೂರೂವರೆ ಇಂಚಿನ ಸ್ಕ್ರೀನು, ಒಳಗೆ ಜಿಪಿಎಸ್ ಉಂಟು ಆದ್ರೆ ಮ್ಯಾಪ್ ಇಲ್ಲ, ನಾವು ಗುರುತು ಹಾಕಿದ ಜಾಗ ಮಾತ್ರ ಚುಕ್ಕಿ ಆಗಿ ಕಾಣ್ತದೆ. ಕರೆಂಟಿಗೆ ಯುಪಿಎಸ್‌ಗೆ ಹಾಕುವ 12 ವೋಲ್ಟಿನ 7 ಎಎಚ್ ಬ್ಯಾಟರಿ ಸಾಕು, ಬೆಳಿಗ್ಗೆ ಐದಕ್ಕೆ ಹೋಗಿ ಮಧ್ಯಾಹ್ನ ಬಂದ್ರೂ ಅರ್ಧ ಚಾರ್ಜ್ ಉಳೀತದೆ. ಪ್ಲಸ್ ವಯರಿಗೆ ಫ್ಯೂಸ್ ಹಾಕಿ, ಟರ್ಮಿನಲ್ಲಿಗೆ ಗ್ರೀಸ್ ಹಚ್ಚಿ. ಉಪ್ಪು ನೀರಿಗೆ ಒಂದೇ ತಿಂಗಳಲ್ಲಿ ಹಸಿರು ಹಿಡೀತದೆ, ನನಗೆ ಹಿಡಿದಿತ್ತು.

ಮೊದಲ ತಪ್ಪು ಟ್ರಾನ್ಸ್‌ಡ್ಯೂಸರ್ ಕೂರಿಸಿದ್ರಲ್ಲಿ. ಸ್ಕ್ರೀನಿಗಿಂತ ಮುಖ್ಯ ಅದೇ, ನೀರೊಳಗೆ ಶಬ್ದ ಕಳಿಸೋದು, ವಾಪಸ್ ಬಂದದ್ದನ್ನ ಕೇಳೋದು ಆ ಕಪ್ಪು ಗೊಂಬೆ. ದೋಣಿಗೆ ತೂತು ಮಾಡೋದು ಬೇಡ ಅಂತ ನಾನು ದೋಣಿಯ ಒಳಗಡೆಯಿಂದ್ಲೇ ತಳಕ್ಕೆ ಎಪಾಕ್ಸಿ ಹಾಕಿ ಅಂಟಿಸಿದೆ, ಫೈಬರ್ ಮೂಲಕ ಶಬ್ದ ಹೋಗ್ತದೆ ಅಂತ ಓದಿದ್ದೆ. ಹೋಗ್ತದೆ ಹೌದು, ಆದ್ರೆ ಗಾಳಿ ಆ ಶಬ್ದವನ್ನ ತಡೀತದೆ, ಅಂಟಿನ ಒಳಗೆ ಒಂದು ಗಾಳಿಗುಳ್ಳೆ ಕೂಡ ಇರಬಾರದು, ತಳದಲ್ಲಿ ಫೋಮ್ ಅಥವಾ ಹಲಗೆ ಇದ್ರಂತೂ ಕೆಲಸವೇ ಆಗೋದಿಲ್ಲ. ನಾನು ಗಡಿಬಿಡಿಯಲ್ಲಿ ಕಲಸಿದ ಎಪಾಕ್ಸಿ ತುಂಬ ಗುಳ್ಳೆ. ದೋಣಿ ನಿಂತಿದ್ರೆ ಆಳ ತೋರಿಸ್ತದೆ, ಹೊರಟ್ರೆ ಹನ್ನೆರಡು ಮೀಟರ್ ಇದ್ದದ್ದು ಒಂದು ಮೀಟರಿಗೆ ಬರ್ತದೆ, ಮತ್ತೆ ಎಪ್ಪತ್ತಕ್ಕೆ ಹಾರ್ತದೆ, ಆಮೇಲೆ ಬರೀ ಡ್ಯಾಶು. ಮೂರು ಭಾನುವಾರ ಹೀಗೇ ಹೋಯ್ತು. ಕಡೆಗೆ ಅದನ್ನ ಕೆತ್ತಿ ತೆಗೆದು, ಒಂದಿಂಚಿನ ಪಿವಿಸಿ ಪೈಪಿನ ತುದಿಗೆ ಬೋಲ್ಟ್ ಹಾಕಿ, ಪೈಪನ್ನ ಜಿ-ಕ್ಲಾಂಪಲ್ಲಿ ದೋಣಿಯ ಬದಿಗೆ ಕಟ್ಟಿದೆ. ಗೇಣುದ್ದ ನೀರೊಳಗೆ, ಮುಖ ಸರಿ ನೆಲ ನೋಡುವ ಹಾಗೆ, ಎಂಜಿನ್ನಿನ ಫ್ಯಾನಿಂದ ಎಷ್ಟು ದೂರ ಆಗ್ತದೋ ಅಷ್ಟು ದೂರ, ಯಾಕಂದ್ರೆ ಫ್ಯಾನಿನ ನೊರೆ ಅಂದ್ರೂ ಗಾಳಿಯೇ. ಜೋರು ಓಡಿಸುವಾಗ ಮೇಲೆತ್ತಿ ಇಟ್ಕೊಳ್ತೇನೆ. ಅವತ್ತಿಂದ ಇವತ್ತಿನವರೆಗೆ ಅದೇ ಪೈಪು.

ಸ್ಕ್ರೀನ್ ಓದ್ಲಿಕ್ಕೆ ಕಲೀಲಿಕ್ಕೆ ಒಂದು ಸೀಸನ್ ಪೂರ್ತಿ ಬೇಕಾಯ್ತು. ಕ್ಯಾಮೆರಾ ಹಾಕಿ ನೀರೊಳಗೆ ನೋಡ್ತಾ ಇದ್ದೇವೆ ಅಂತ ಎಲ್ಲರೂ ಅಂದ್ಕೊಳ್ತಾರೆ, ನಾನೂ ಹಾಗೇ ಅಂದ್ಕೊಂಡಿದ್ದೆ. ಹಾಗಲ್ಲ. ಬಲಗಡೆ ಅಂಚಿನ ಒಂದು ಗೆರೆ ಮಾತ್ರ ಈಗಿಂದು, ಎಡಕ್ಕೆ ಹೋಗ್ತಾ ಇರೋದು ಎಲ್ಲ ಆಗಿ ಹೋದದ್ದು. ಶಬ್ದ ನೀರಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್ ಹೋಗ್ತದೆ, ಹದಿನೈದು ಮೀಟರ್ ಆಳಕ್ಕೆ ಹೋಗಿ ಬರ್ಲಿಕ್ಕೆ ಸೆಕೆಂಡಿನ ಐವತ್ತರಲ್ಲಿ ಒಂದು ಭಾಗ, ಹಾಗೆ ಒಂದೊಂದು ಸಲ ಬಂದದ್ದನ್ನ ಒಂದೊಂದು ಗೆರೆ ಮಾಡಿ ಪಕ್ಕ ಪಕ್ಕ ಜೋಡಿಸ್ತಾ ಹೋಗ್ತದೆ. ಲಂಗರು ಹಾಕಿ ನಿಂತಾಗ ದೋಣಿ ಕೆಳಗೆ ಒಂದೇ ಮೀನು ಸುಮ್ನೆ ನಿಂತಿದ್ರೂ ಸ್ಕ್ರೀನ್ ಮೇಲೆ ಉದ್ದಕ್ಕೆ ಹಾವಿನ ಹಾಗೆ ಗೆರೆ ಬರ್ತದೆ, ಮೀನು ಉದ್ದ ಅಂತ ಅಲ್ಲ, ತುಂಬ ಹೊತ್ತು ಅಲ್ಲಿತ್ತು ಅಂತ. ದೋಣಿ ನಿಧಾನ ಹೋಗುವಾಗ ಅದೇ ಮೀನು ಕಮಾನಿನ ಹಾಗೆ ಕಾಣ್ತದೆ, ಶಬ್ದ ಹೋಗೋದು ಟಾರ್ಚ್ ಬೆಳಕಿನ ಹಾಗೆ ಹರಡ್ಕೊಂಡು, ಅಂಚಲ್ಲಿರುವಾಗ ಮೀನು ಸ್ವಲ್ಪ ದೂರ, ನೇರ ಕೆಳಗೆ ಬಂದಾಗ ಹತ್ರ, ಮತ್ತೆ ದೂರ. ಇಪ್ಪತ್ತು ಡಿಗ್ರಿ ಕೋನ ಅಂತ ಲೆಕ್ಕ ಇಟ್ರೆ ಕೆಳಗೆ ಬೀಳುವ ವೃತ್ತದ ಅಗಲ ಆಳದ ಮೂರರಲ್ಲಿ ಒಂದು ಪಾಲು, ಅಂದ್ರೆ ಹದಿನೈದು ಮೀಟರಲ್ಲಿ ಬರೀ ಐದು ಮೀಟರ್ ಜಾಗ. ಅದರ ಹೊರಗೆ ದೊಡ್ಡ ಹಿಂಡೇ ಇದ್ರೂ ಮಿಷನ್ನಿಗೆ ಗೊತ್ತಾಗೋದಿಲ್ಲ.

ತಗೊಂಡ ದಿನವೇ ಮಾಡಬೇಕಾದ ಕೆಲಸ ಅಂದ್ರೆ ಫಿಶ್ ಐಡಿ ಆಫ್ ಮಾಡೋದು. ಸ್ಕ್ರೀನ್ ಮೇಲೆ ಚೆಂದ ಚೆಂದ ಮೀನಿನ ಚಿತ್ರ ಬರ್ತದಲ್ಲ, ಅದು. ಗಾಳಿಗುಳ್ಳೆ, ತೇಲುವ ಕಸ, ಜೆಲ್ಲಿ ಫಿಶ್ ಎಲ್ಲದಕ್ಕೂ ಮೀನಿನ ಚಿತ್ರ ಹಾಕ್ತದೆ, ಅದನ್ನ ನಂಬಿ ನಾನು ಎಷ್ಟು ಸೀಗಡಿ ಖರ್ಚು ಮಾಡಿದ್ದೇನೋ. ನಮ್ಮ ಆಳಕ್ಕೆ ಶಬ್ದದ ಫ್ರೀಕ್ವೆನ್ಸಿ 200 ಕಿಲೋಹರ್ಟ್ಸ್ ಸಾಕು, ಎಷ್ಟು ಸಣ್ಣ ಪ್ರತಿಧ್ವನಿ ತೋರಿಸ್ಬೇಕು ಅನ್ನುವ ಸೆನ್ಸಿಟಿವಿಟಿ ಮಾತ್ರ ಆಟೋದಲ್ಲಿ ಬಿಡದೆ ಕೈಯಲ್ಲಿ ಸ್ವಲ್ಪ ಸ್ವಲ್ಪ ಏರಿಸಿ. ದೊಡ್ಡ ಬೋಟುಗಳು ಹತ್ರ ಬಂದ್ರೆ ಅವರ ಆಳ ನೋಡುವ ಮಿಷನ್ನಿನ ಶಬ್ದವೂ ನಮ್ಮದಕ್ಕೆ ಬಿದ್ದು ಓರೆ ಓರೆ ಚುಕ್ಕಿ ಗೆರೆ ಬರ್ತದೆ, ಹೆದರೋದು ಬೇಡ, ಮಿಷನ್ ಹಾಳಾದದ್ದಲ್ಲ.

ನನ್ನ ಅನುಭವದಲ್ಲಿ ಮೀನಿಗಿಂತ ಮೊದಲು ನೋಡಬೇಕಾದ್ದು ನೆಲ. ಕೆಸರು ನೆಲ ಆದ್ರೆ ಗೆರೆ ತೆಳ್ಳಗೆ, ಮಂಕು. ಕಲ್ಲು ಆದ್ರೆ ದಪ್ಪ, ಉರಿಯುವ ಬಣ್ಣ, ಮತ್ತೆ ಅದೇ ನೆಲ ಎರಡರಷ್ಟು ಆಳದಲ್ಲಿ ಇನ್ನೊಮ್ಮೆ ಕಾಣ್ತದೆ, ಶಬ್ದ ಮೇಲೆ ಬಂದು ಪುನಃ ಕೆಳಗೆ ಹೋಗಿ ಬಂದದ್ದು ಅದು. ಆ ಎರಡನೇ ಗೆರೆ ಕಂಡ ಕೂಡ್ಲೇ ನಾನು ಎಂಜಿನ್ ನಿಧಾನ ಮಾಡ್ತೇನೆ.

ಮಾವ ಮೊದಮೊದಲು ಸ್ಕ್ರೀನ್ ಕಡೆ ನೋಡ್ತಲೇ ಇರಲಿಲ್ಲ. ಅವರ ಲೆಕ್ಕ ಬೇರೆ, ಆಳ ಮಾರಿನಲ್ಲಿ (ಒಂದು ಮಾರು ಅಂದ್ರೆ ಎರಡೂ ಕೈ ಚಾಚಿದಷ್ಟು, ಸುಮಾರು ಆರಡಿ), ಜಾಗ ದಡದ ಗುರುತಿನಲ್ಲಿ. 1901ರಿಂದ ನಿಂತಿರುವ ಕಾಪು ಲೈಟ್‌ಹೌಸು ಒಂದು ಕಡೆ ಯಾವುದರ ನೇರಕ್ಕೆ ಬರ್ಬೇಕು, ಇನ್ನೊಂದು ಕಡೆ ಸೈಂಟ್ ಮೇರೀಸ್ ದ್ವೀಪದ ತುದಿ ಯಾವ ಗುಡ್ಡದ ಕೆಳಗೆ ಬರ್ಬೇಕು, ಎರಡೂ ಒಟ್ಟಿಗೆ ಕೂಡಿದ ಜಾಗದಲ್ಲಿ ಕಲ್ಲು. ಒಂದು ದಿನ ಅವ್ರು ಕಣ್ಣು ಕಿರಿದು ಮಾಡಿ ದಡ ನೋಡ್ತಾ "ಇನ್ನು ಸ್ವಲ್ಪ ತೆಂಕಕ್ಕೆ, ಸ್ವಲ್ಪ, ಹಾಂ, ಎಂಟು ಮಾರು ಉಂಟು ನೋಡು, ಕೆಳಗೆ ಕಲ್ಲು" ಅಂದ್ರು. ನಾನು ಸ್ಕ್ರೀನ್ ನೋಡ್ತೇನೆ, 14.6 ಮೀಟರ್. ನೆಲದ ಗೆರೆ ಆಗಷ್ಟೇ ದಪ್ಪ ಆಗ್ತಾ ಎದ್ದು ಬಂತು, ಎರಡು ಮೀಟರಿನಷ್ಟು ಎತ್ತರದ ಕಲ್ಲು, ಅದರ ಪಡು ಬದಿಗೆ ನೆಲಕ್ಕೆ ಅಂಟಿದ ಹಾಗೆ ಎರಡು ಸಣ್ಣ ಕಮಾನು. ನನಗೆ ಮೈ ಜುಂ ಅಂತು. ಮಾವನಿಗೆ ತೋರಿಸಿದೆ, ಅವ್ರು ಬಗ್ಗಿ ತುಂಬ ಹೊತ್ತು ನೋಡಿದ್ರು, ಕಲ್ಲಿನ ಆಕಾರದ ಮೇಲೆ ಬೆರಳಿಟ್ಟು "ಈ ಬದಿ ಇಷ್ಟು ಕಡಿದು ಉಂಟು ಅಂತ ಗೊತ್ತಿರ್ಲಿಲ್ಲ ಮಾರಾಯ, ಅದಕ್ಕೇ ಇಲ್ಲಿ ಲಂಗರು ಕಚ್ಚೋದಿಲ್ಲ" ಅಂದ್ರು. ಆ ದಿನ ಅಲ್ಲಿ ಒಂದು ಮುರು, ಎರಡು ಕೆಂಬೇರಿ ಸಿಕ್ತು, ಎರಡೂ ಕಲ್ಲಿನ ಹತ್ರ ಇರುವ ಮೀನು.

ಅಂಜಲ್ (ಸುರ್ಮಾಯಿ) ಮೀನಿನ ವಿಷಯ ಬೇರೆಯೇ. ಮಿಷನ್ನಿಗೆ ಮೀನು ಕಾಣೋದು ಹೆಚ್ಚಾಗಿ ಅದರ ಹೊಟ್ಟೆಯ ಗಾಳಿಚೀಲದಿಂದ, ಕೊಡ್ಡಾಯಿ ಮೀನು ಕ್ಲೀನ್ ಮಾಡುವಾಗ ಬಿಳಿ ಬಲೂನಿನ ಹಾಗೆ ಸಿಗ್ತದಲ್ಲ, ಅದಕ್ಕೆ ಶಬ್ದ ಬಡಿದು ಜೋರಾಗಿ ವಾಪಸ್ ಬರ್ತದೆ. ಅಂಜಲಿಗೆ ಆ ಚೀಲವೇ ಇಲ್ಲ. ಐದು ಕಿಲೋದ ಅಂಜಲ್ ಕೆಳಗೆ ಹೋದ್ರೂ ಸಣ್ಣ ಮಂಕು ಗೀಟು, ಅದೂ ಕಂಡ್ರೆ ಕಂಡಿತು. ಇದು ಗೊತ್ತಾದ ಮೇಲೆ ನಾನು ಅಂಜಲ್ ಹುಡುಕೋದು ಬಿಟ್ಟು ಅದು ತಿನ್ನುವ ಸಣ್ಣ ಮೀನು ಬೂತಾಯಿಯನ್ನ ಹುಡುಕ್ಲಿಕ್ಕೆ ಶುರು ಮಾಡಿದೆ. ಬೂತಾಯಿ ಹಿಂಡು ನಡುನೀರಲ್ಲಿ ಮೋಡದ ಹಾಗೆ ಕಾಣ್ತದೆ. ಮೋಡ ದುಂಡಗೆ ಆರಾಮಲ್ಲಿದ್ರೆ ಕೆಳಗೆ ಯಾರೂ ಅಟ್ಟಿಸ್ತಾ ಇಲ್ಲ ಅಂತ ನನ್ನ ಲೆಕ್ಕ. ಒಂದು ನವೆಂಬರಿನ ಬೆಳಿಗ್ಗೆ ಆರು ಮೀಟರಲ್ಲಿ ಮೋಡ ಎರಡು ತುಂಡು, ನಡುವೆ ಕತ್ತಿಯಲ್ಲಿ ಕುಯ್ದ ಹಾಗೆ ಖಾಲಿ, ಆ ಖಾಲಿಯಲ್ಲಿ ಏನೂ ಕಾಣೋದಿಲ್ಲ, ಅಂಜಲೇ ಅಟ್ಟಿಸ್ತಾ ಇರ್ಬೇಕು ಅಂದ್ಕೊಂಡೆ. ಎಂಜಿನ್ ಸಣ್ಣ ಮಾಡಿ, ಹಿಂಡಿನ ಮೇಲೆ ಹೋಗದೆ ಸುತ್ತು ಹಾಕ್ಕೊಂಡು ಲೂರ್ (ಮೀನಿನ ಹಾಗೆ ಕಾಣುವ ಸುಳ್ಳು ಗಾಳ) ಎಳೆದ್ವಿ, ಎರಡನೇ ಸುತ್ತಿಗೆ ರೀಲ್ ಕಿರುಚಿತು. ಅಂಜಲ್, ನಾಲ್ಕು ಕಿಲೋದ ಮೇಲೆ ಇತ್ತು. ಅಂಜಲಿಗೆ ಗಾಳದ ಹತ್ರ ಕಟ್ಟುವ ವಯರ್ ತುಂಡು (ಲೀಡರ್) ಮಾತ್ರ ಮರೀಬೇಡಿ, ಹಲ್ಲಲ್ಲಿ ನೈಲಾನ್ ಕತ್ತರಿಸಿ ಹಾಕ್ತದೆ.

ಒಂದು ವಿಷಯ ಮನಸ್ಸಿಗೆ ತುಂಬ ತಾಗಿದ್ದು ಹೇಳ್ತೇನೆ. ಜಿಪಿಎಸ್ ಗುರುತು ಬಂದ ಮೇಲೆ ಒಂದೇ ಕಲ್ಲಿಗೆ ನಾಲ್ಕು ವಾರ ಸತತ ಹೋದೆ, ಪ್ರತಿ ಸಲ ಮುರು ಸಿಕ್ತು, ಪ್ರತಿ ಸಲ ಹೋದ ಸಲಕ್ಕಿಂತ ಸಣ್ಣದು. ಐದನೇ ವಾರ ಕಮಾನೇ ಇಲ್ಲ, ಬರೀ ಕಲ್ಲು. ಮುರು ನಿಧಾನ ಬೆಳೆಯುವ ಮೀನು, ಮೊದಲು ಹೆಣ್ಣಾಗಿದ್ದು ದೊಡ್ಡದಾದ ಮೇಲೆ ಗಂಡಾಗೋದು, ದೊಡ್ಡದನ್ನೆಲ್ಲ ತೆಗೆದ್ರೆ ಆ ಕಲ್ಲಲ್ಲಿ ಮರಿ ಎಲ್ಲಿಂದ. ಹಿಡಿದು ಬಿಡುವ ಅಂದ್ರೂ ಆಳದಿಂದ ಬೇಗ ಎಳೆದದ್ದಕ್ಕೆ ಗಾಳಿಚೀಲ ಉಬ್ಬಿ ಹೊಟ್ಟೆ ಬಾಯಿಗೆ ಬಂದಿರ್ತದೆ, ಬಿಟ್ರೆ ತೇಲ್ತದೆ. ಈಗ ನಾನು ಒಂದು ಕಲ್ಲಿಗೆ ಎರಡು ತಿಂಗಳಿಗೆ ಒಂದು ಸಲ, ಒಂದು ಮುರು ಸಿಕ್ಕಿದ್ರೆ ಅಲ್ಲಿಂದ ಏಳೋದು. ಗುರುತಿನ ನಂಬರ್ ಯಾರಿಗೂ ವಾಟ್ಸಾಪಲ್ಲಿ ಕಳಿಸೋದಿಲ್ಲ, ಸ್ನೇಹಿತರು ಬೇಜಾರು ಮಾಡ್ಕೊಂಡದ್ದೂ ಉಂಟು.

ಹೋದ ಫೆಬ್ರವರಿಯಲ್ಲಿ ಮಾವ ತಾನಾಗಿಯೇ ಪಡುವಣಕ್ಕೆ ಇನ್ನೂ ದೂರ ಕರ್ಕೊಂಡು ಹೋದ್ರು, ಇಷ್ಟು ವರ್ಷ ಹೇಳದೇ ಇದ್ದ ಒಂದು ಜಾಗಕ್ಕೆ. ದಡ ಮಬ್ಬಲ್ಲಿತ್ತು, ಅವರಿಗೆ ಈಗ ಅಷ್ಟು ದೂರದ ಗುರುತು ಸರಿ ಕಾಣೋದಿಲ್ಲ, ಎರಡು ಸಲ ದೋಣಿ ತಿರುಗಿಸಿದ್ರು, ಆಮೇಲೆ ನನ್ನತ್ರ "ನಿನ್ನ ಮಿಷನ್ನಲ್ಲಿ ನೆಲ ಏಳ್ತದಾ ನೋಡು" ಅಂದ್ರು. ಸ್ವಲ್ಪ ಹೊತ್ತಿಗೆ ಎದ್ದಿತು, ಹನ್ನೊಂದು ಮಾರಿನಲ್ಲಿ, ಉದ್ದಕ್ಕೆ. ಗುರುತು ಹಾಕಿ, ಹೆಸರು ಎಂತ ಬರೀಲಿ ಮಾವ, ನಿಮ್ಮದೇ ಹೆಸರು ಇಡುವನಾ ಅಂತ ಕೇಳಿದೆ. "ಹೆಸರು ಬೇಡ, ನಂಬರ್ ಸಾಕು" ಅಂದ್ರು. 027 ಅಂತ ಉಂಟು ಈಗ.