ರಿಪೋರ್ಟಿಗೆ ವರ್ಡ್ ಸಾಕಾ, ಲೇಟೆಕ್ ಬೇಕಾ?

ಮೊದಲು ನನ್ನ ಪೆದ್ದುತನ ಹೇಳಿಬಿಡುತ್ತೇನೆ. ಕೊನೆ ವರ್ಷದ ಪ್ರಾಜೆಕ್ಟ್ ರಿಪೋರ್ಟನ್ನು ವರ್ಡ್‌ನಲ್ಲಿ ಮಾಡಿ, ಪೆನ್‌ಡ್ರೈವ್‌ಗೆ ಹಾಕಿಕೊಂಡು, ಹಾಸನದ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಜೆರಾಕ್ಸ್ ಅಂಗಡಿಗೆ ಹೋದೆ. ನಾನು ಬಳಸಿದ್ದ ಫಾಂಟ್ ಅಲ್ಲಿನ ಕಂಪ್ಯೂಟರಿನಲ್ಲಿ ಇರಲಿಲ್ಲ. ಅದರ ಜಾಗದಲ್ಲಿ ಇನ್ಯಾವುದೋ ಬಂದು ಕೂತು ಸಾಲುಗಳೆಲ್ಲ ಜರುಗಿದವು. ಪರಿವಿಡಿ ನೋಡಿದರೆ ನಾಲ್ಕನೇ ಅಧ್ಯಾಯ 31ನೇ ಪುಟ, ಪುಟ ತಿರುಗಿಸಿದರೆ 34ರಲ್ಲಿ. ಗೊತ್ತಾಗಿದ್ದು ನಾಲ್ಕು ಪ್ರತಿ ಬೈಂಡಿಂಗ್ ಆದ ಮೇಲೆ!

ತಪ್ಪು ನನ್ನದೇ, ವರ್ಡ್‌ದೇನಲ್ಲ. ಪಿಡಿಎಫ್ ಮಾಡಿಕೊಂಡು ಹೋಗಿದ್ದರೆ ಮುಗಿಯುತ್ತಿತ್ತು.

ಅದಕ್ಕೇ ಈಗ ಯಾರಾದರೂ ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ಕೇಳಿದರೆ ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ. ಈ ಫೈಲಿಗೆ ನಿಮ್ಮ ಜೊತೆ ಇನ್ಯಾರು ಕೈ ಹಾಕುತ್ತಾರೆ? ನಿಮ್ಮ ಗೈಡ್ ಅಥವಾ ಆಫೀಸಿನ ಮೇಲಿನವರು ವರ್ಡ್‌ನಲ್ಲೇ ತಿದ್ದಿ, ಪಕ್ಕದಲ್ಲಿ ಕಾಮೆಂಟ್ ಬರೆದು ಕಳಿಸುವವರಾದರೆ ಬೇರೆ ಯೋಚನೆ ಬಿಡಿ, ವರ್ಡ್‌ನಲ್ಲೇ ಮಾಡಿ. ಆದರೆ ಸರಿಯಾಗಿ ಮಾಡಿ. ತಲೆಬರಹವನ್ನು ಕೈಯಲ್ಲಿ ಬೋಲ್ಡ್ ಮಾಡಬೇಡಿ, ಹೆಡಿಂಗ್ ಸ್ಟೈಲ್ ಕೊಡಿ. ‘ಚಿತ್ರ 5 ನೋಡಿ’ ಅಂತ ಟೈಪ್ ಮಾಡಬೇಡಿ, ನಂಬರ್ ಬದಲಾದರೆ ತಾನೂ ಬದಲಾಗುವ ಕ್ರಾಸ್ ರೆಫರೆನ್ಸ್ ಹಾಕಿ. ಆಲ್ಟ್ ಒತ್ತಿಕೊಂಡು ಸಮ ಚಿಹ್ನೆ ಒತ್ತಿದರೆ ಸಮೀಕರಣದ ಪೆಟ್ಟಿಗೆ ತೆರೆಯುತ್ತದೆ. ಕೊನೆಯಲ್ಲಿ ಕಂಟ್ರೋಲ್ ಎ, ಆಮೇಲೆ ಎಫ್9. ಇದನ್ನು ಮರೆತರೆ ಪರಿವಿಡಿ ಹಳೆಯದೇ ಉಳಿಯುತ್ತದೆ. ವರ್ಡ್ ಥರದ್ದೇ ಆದ ಲಿಬ್ರೆ ಆಫೀಸ್ ಉಚಿತ, ಚೆನ್ನಾಗಿದೆ, ಆದರೆ ಫೈಲ್ ಅಲ್ಲಿಂದ ವರ್ಡ್‌ಗೆ, ವರ್ಡ್‌ನಿಂದ ಅಲ್ಲಿಗೆ ಓಡಾಡಿದರೆ ಕೋಷ್ಟಕಗಳು ಅಲುಗಾಡುತ್ತವೆ.

ಫೈಲ್ ನಿಮ್ಮ ಕೈಯಲ್ಲೇ ಇರುತ್ತದೆ, ಸಮೀಕರಣ ಜಾಸ್ತಿ, ಪುಟ ನೂರು ದಾಟುತ್ತದೆ ಅಂದರೆ ಲೇಟೆಕ್ ಕಲಿಯಿರಿ. ಇದರಲ್ಲಿ ಬರಹದ ಜೊತೆ ಆದೇಶಗಳನ್ನೂ ಟೈಪ್ ಮಾಡಿಕೊಟ್ಟರೆ, ಪುಟ ಜೋಡಿಸಿ ಪಿಡಿಎಫ್ ಮಾಡಿಕೊಡುತ್ತದೆ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ತಮ್ಮದೇ ಪುಸ್ತಕದ ಪ್ರೂಫ್ ನೋಡಿ ಬೇಜಾರಾಗಿ 1977ರಲ್ಲಿ ಟೆಕ್ ಎಂಬ ಪುಟ ಜೋಡಿಸುವ ಪ್ರೋಗ್ರಾಂ ಕೆಲಸ ಶುರು ಮಾಡಿದರು. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಕಟ್ಟಿದ್ದು ಲೇಟೆಕ್. ಟೆಕ್‌ನ ಆವೃತ್ತಿ ಸಂಖ್ಯೆ ಒಂದೊಂದೇ ಅಂಕಿ ಸೇರಿಸಿಕೊಂಡು ಪೈ ಬೆಲೆಯ ಹತ್ತಿರ ಹೋಗುತ್ತದೆ, ಅಂಥ ಹಠದ ಮನುಷ್ಯ ಮಾಡಿದ್ದು. ಚಿತ್ರ, ಸಮೀಕರಣ, ಗ್ರಂಥಸೂಚಿ ಎಲ್ಲಕ್ಕೂ ಲೇಟೆಕ್ ತಾನೇ ನಂಬರ್ ಹಾಕುತ್ತದೆ. ಕಷ್ಟ ಅಂದರೆ ಎರಡು. ಪೂರ್ತಿ ಹಾಕಿಕೊಂಡರೆ ಹಲವು ಜಿಬಿ ಜಾಗ ತಿನ್ನುತ್ತದೆ, ಮತ್ತೆ ಒಂದು ಆವರಣ ಚಿಹ್ನೆ ಬಿಟ್ಟುಹೋದರೂ ಸಾಕು, ತಪ್ಪು ಎಲ್ಲೋ ಇದ್ದರೆ ಇನ್ನೆಲ್ಲೋ ಬೈಯುತ್ತದೆ. ಲೇಟೆಕ್ ಅನ್ನು ಬ್ರೌಸರಿನಲ್ಲೇ ನಡೆಸುವ ಓವರ್‌ಲೀಫ್ ಸುಲಭ, ಆದರೆ ಜುಲೈ ಮಳೆಗೆ ಕರೆಂಟೂ ನೆಟ್ಟೂ ಒಟ್ಟಿಗೆ ಹೋಗುವ ಊರಿನವರು ಅದನ್ನೇ ನಂಬಿ ಕೂರಬೇಡಿ.

ನನಗೆ ಈಚೆಗೆ ಹಿಡಿಸಿರುವುದು ಟೈಪ್ಸ್ಟ್, ಲೇಟೆಕ್ ಥರದ್ದೇ ಕೆಲಸ ಮಾಡುವ ಹೊಸ ಸಾಫ್ಟ್‌ವೇರ್. 2023ರಲ್ಲಿ ಎಲ್ಲರಿಗೂ ಸಿಕ್ಕಿದ್ದು, ಒಂದೇ ಸಣ್ಣ ಪ್ರೋಗ್ರಾಂ, ನೆಟ್ ಇಲ್ಲದೆಯೂ ನಡೆಯುತ್ತದೆ. ಭಿನ್ನರಾಶಿ ಬೇಕೆಂದರೆ ಮೇಲಿನದು, ಓರೆಗೆರೆ, ಕೆಳಗಿನದು, ಅಷ್ಟೆ. ಮೂಡಿಗೆರೆ ಕಡೆಯ ನೆಂಟರ ತೋಟದ ಮಳೆ ಲೆಕ್ಕವನ್ನು ಇದರಲ್ಲಿ ಮಾಡಿದೆ. ತೋಟದವರ ಡೈರಿಯಲ್ಲಿ ಮಳೆ ಇರುವುದು ಇಂಚು, ಸೆಂಟ್ ಲೆಕ್ಕದಲ್ಲಿ ಅಲ್ವಾ? ನೂರು ಸೆಂಟ್ ಅಂದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಎಲ್ಲವನ್ನೂ ಒಂದು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಅಂಕಿಗಳ ಪಟ್ಟಿ) ಫೈಲಿಗೆ ಹಾಕಿದೆ. ಟೈಪ್ಸ್ಟ್ ಅದನ್ನು ನೇರ ಓದಿ, ಗುಣಿಸಿ, ಕೋಷ್ಟಕ ಹಾಕುತ್ತದೆ. ಮಾರ್ಚಿನ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) 120 ಸೆಂಟ್ ಆಗಬೇಕಿದ್ದ ಕಡೆ 12 ಅಂತ ಬಿದ್ದಿತ್ತು. ಸಿಎಸ್‌ವಿಯಲ್ಲಿ ಒಂದು ಸೊನ್ನೆ ಸೇರಿಸಿದೆ, ಕೋಷ್ಟಕದಲ್ಲಿ 30.48 ಮಿಲಿಮೀಟರ್ ಬಂತು, ವರ್ಷದ ಒಟ್ಟೂ ತಾನಾಗಿ ಸರಿಹೋಯಿತು. ಲೇಟೆಕ್‌ನಲ್ಲೂ ಇದಾಗುತ್ತದೆ, ಅದಕ್ಕೆ ಬೇರೆ ಪ್ಯಾಕೇಜ್ ಹುಡುಕಬೇಕು. ಟೈಪ್ಸ್ಟ್ ಇನ್ನೂ ಎಳೆಯದು, ಆವೃತ್ತಿ ಬದಲಾದಾಗ ಹಳೆ ಫೈಲ್ ಒಮ್ಮೊಮ್ಮೆ ತಕರಾರು ತೆಗೆಯುತ್ತದೆ. ಜರ್ನಲ್‌ಗೆ ಕಳಿಸುವುದಾದರೆ ಅವರು ಏನು ತಗೊಳ್ಳುತ್ತಾರೆ ಅಂತ ಮೊದಲೇ ನೋಡಿ, ಹೆಚ್ಚಿನವರು ಕೇಳುವುದು ವರ್ಡ್ ಇಲ್ಲ ಲೇಟೆಕ್.

ಇನ್ನು ಕನ್ನಡ. ರಿಪೋರ್ಟಿನಲ್ಲಿ ಒಂದೇ ಪುಟ ಕನ್ನಡ ಇದ್ದರೂ ಇಡೀ ಆಯ್ಕೆ ಬದಲಾಗಬಹುದು. ಲೇಟೆಕ್ ಫೈಲನ್ನು ಪಿಡಿಎಫ್ ಮಾಡುವ ಪ್ರೋಗ್ರಾಂಗಳು ಹಲವು. ಅವುಗಳಲ್ಲಿ ಪಿಡಿಎಫ್‌ಲೇಟೆಕ್ ಯುನಿಕೋಡ್ ಕನ್ನಡಕ್ಕೆ ಆಗುವುದಿಲ್ಲ, ಝೀಲೇಟೆಕ್ ಅಥವಾ ಲುವಾಲೇಟೆಕ್ ಬೇಕು. ಫಾಂಟ್ ಹೇಳುವಾಗ ಸ್ಕ್ರಿಪ್ಟ್ ಕನ್ನಡ ಅಂತ ಕೊಡಿ, ಲುವಾಲೇಟೆಕ್ ಆದರೆ ರೆಂಡರರ್ ಹಾರ್ಫ್‌ಬಝ್ (ಒತ್ತಕ್ಷರ ಸರಿಯಾಗಿ ಕೂರಿಸುವುದು ಇದೇ) ಅಂತಲೂ ಸೇರಿಸಿ. ನೋಟೊ ಸೆರಿಫ್ ಕನ್ನಡ ಉಚಿತ, ಓದಲೂ ಹಿತ. ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆ ಆಸ್ಕಿ (ಯುನಿಕೋಡ್ ಅಲ್ಲದ) ಫೈಲಿನಿಂದ ನಕಲು ಮಾಡಿದರೆ ಯಾವ ಸಾಫ್ಟ್‌ವೇರೂ ಕಾಪಾಡುವುದಿಲ್ಲ, ಬರೀ ಕಸ ಬರುತ್ತದೆ. ಮೊದಲು ಯುನಿಕೋಡ್‌ಗೆ ಬದಲಿಸಿಕೊಳ್ಳಿ.

ಯಾವುದನ್ನೇ ಆರಿಸುವ ಮೊದಲು ಒಂದು ಪುಟ ಮಾಡಿ ನೋಡಿ. ಒಂದು ಸಮೀಕರಣ, ಒಂದು ಕೋಷ್ಟಕ, ಒಂದು ಚಿತ್ರ, ಅದರ ಕಡೆ ಬೆರಳು ತೋರಿಸುವ ಒಂದು ವಾಕ್ಯ. ಕನ್ನಡ ಇದ್ದರೆ ‘ಸೂರ್ಯ’, ‘ರಾಷ್ಟ್ರ’, ‘ಲಕ್ಷ್ಮಿ’ ಈ ಮೂರು ಪದ ಹಾಕಿ. ಅರ್ಕಾವತ್ತು ಜಾಗದಲ್ಲಿದೆಯಾ, ಒತ್ತಿನ ಕೆಳಗಿನ ಒತ್ತು ಪಕ್ಕಕ್ಕೆ ಜಾರಿದೆಯಾ ಅಂತ ದೊಡ್ಡದು ಮಾಡಿ ನೋಡಿ. ಈ ಪುಟಕ್ಕೆ ಒಂದು ಸಂಜೆ ಸಾಲದೆ ಹೋದರೆ ಡೆಡ್‌ಲೈನ್ ಹತ್ತಿರ ಇರುವಾಗ ಆ ಸಾಫ್ಟ್‌ವೇರ್ ಸಹವಾಸ ಬೇಡ.

ಪ್ರಿಂಟಿಗೆ ಪಿಡಿಎಫ್ ಮಾತ್ರ ತಗೊಂಡು ಹೋಗಿ. ಅಡೋಬಿ ರೀಡರಿನ ಪ್ರಾಪರ್ಟೀಸ್‌ನಲ್ಲಿ ಫಾಂಟ್ಸ್ ಅಂತ ಇರುತ್ತದೆ, ಅಲ್ಲಿ ಪ್ರತಿ ಫಾಂಟಿನ ಮುಂದೆ ಎಂಬೆಡೆಡ್ ಅಂತ, ಅಂದರೆ ಫಾಂಟ್ ಫೈಲಿನೊಳಗೇ ಸೇರಿದೆ ಅಂತ, ಇರಬೇಕು. ಒಂದೇ ಪ್ರತಿ ಹಾಕಿಸಿ. ಪರಿವಿಡಿಯ ಕೊನೇ ಸಾಲಿನ ಪುಟ ತೆಗೆದು ನೋಡಿ, ಆಮೇಲೆ ಬೈಂಡಿಂಗಿಗೆ ಕೊಡಿ.