ಕರಡಿಗೂ ಅದೇ ಗುಡ್ಡ, ಕ್ವಾರಿಗೂ ಅದೇ ಗುಡ್ಡ: ನಕ್ಷೆ ಮಾಡಿದ ನನ್ನ ಅನುಭವ

ಹಂಪಿ ಹತ್ತಿರದ ದರೋಜಿ ಕರಡಿಧಾಮದ ಸುತ್ತ ಓಡಾಡಿದವರಿಗೆ ಆ ಗುಡ್ಡಗಳು ಗೊತ್ತಿರುತ್ತವೆ. ಯಾರೋ ಪೇರಿಸಿಟ್ಟ ಹಾಗೆ ಕಲ್ಲಿನ ಮೇಲೆ ಕಲ್ಲು. ಆ ಸಂದುಗಳಲ್ಲೇ ಕರಡಿಯ ಗವಿ. ಹಗಲು ಅಲ್ಲಿ ಮಲಗಿ, ಹೊತ್ತು ಇಳಿದ ಮೇಲೆ ಗೆದ್ದಲು, ಹಣ್ಣು ಹುಡುಕುತ್ತಾ ಕೆಳಗೆ ಬರುತ್ತದೆ. ಕಲ್ಲು ಕ್ವಾರಿಗೆ ಬೇಕಾಗುವುದೂ ಇಂಥದೇ ಗುಡ್ಡ. ಮರ ಕಡಿದ ಕಡೆ ಮತ್ತೆ ಗಿಡ ನೆಡಬಹುದು, ಒಡೆದ ಬಂಡೆ ಪೇರಿಸೋಕೆ ಆಗುತ್ತಾ?

ಹಾಗಾಗಿ ಎಲ್ಲೆಲ್ಲಿ ಕಲ್ಲು ತೆಗೆಯುತ್ತಿರಬಹುದು, ಅದು ಕರಡಿಗೆ ಎಷ್ಟು ಹತ್ತಿರ ಎಂದು ನೋಡಲು ಕೂತೆ. ಬಳಸಿದ್ದು ಕ್ಯೂಜಿಐಎಸ್ ಎಂಬ ನಕ್ಷೆ ಮಾಡುವ ತಂತ್ರಾಂಶ, ದುಡ್ಡು ಕೊಡಬೇಕಿಲ್ಲ. ಚಿತ್ರಗಳು ಸೆಂಟಿನೆಲ್-2 ಉಪಗ್ರಹದವು, ಅವೂ ಉಚಿತ. ಒಂದು ಚುಕ್ಕೆ ಅಂದರೆ ನೆಲದ ಮೇಲೆ 10 ಮೀಟರ್. ಸಣ್ಣ ಗುಂಡಿ ತಪ್ಪಿಹೋಗುತ್ತದೆ, ಕ್ವಾರಿ ಕಾಣುತ್ತದೆ.

ಮೊದಲು ಧಾಮದ ಗಡಿಯಿಂದ 1 ಕಿ.ಮೀ. ಬಫರ್, ಅಂದರೆ ಗಡಿಯ ಸುತ್ತ ಅಷ್ಟು ಅಗಲದ ಪಟ್ಟಿ, ಎಳೆದೆ. ವನ್ಯಧಾಮದ ಗಡಿಯಿಂದ ಅಷ್ಟು ದೂರದೊಳಗೆ ಗಣಿಗಾರಿಕೆ ಕೂಡದು ಎಂಬುದನ್ನು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲೂ ಎತ್ತಿಹಿಡಿದಿದೆ. ಇಲ್ಲೊಂದು ಎಚ್ಚರ ಬೇಕು. ಗಡಿಯ ಫೈಲು ಅಕ್ಷಾಂಶ-ರೇಖಾಂಶದಲ್ಲಿದ್ದರೆ ಬಫರ್‌ಗೆ ಕೊಟ್ಟ 1 ಎಂಬುದು 1 ಡಿಗ್ರಿ ಆಗಿಬಿಡುತ್ತದೆ, ಅಂದರೆ ಸುಮಾರು 111 ಕಿ.ಮೀ.! ಮೊದಲು ಫೈಲನ್ನು ಮೀಟರ್‌ನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಉತ್ತರ ವಲಯಕ್ಕೆ ಬದಲಿಸಿ, ಆಮೇಲೆ 1000 ಮೀಟರ್ ಎಂದು ಕೊಡಿ.

ನಾನು ಜಾಸ್ತಿ ದಿನ ಕಳೆದದ್ದು ಬಿಳಿ ಮಚ್ಚೆಗಳ ಜೊತೆ. ಚಿತ್ರದಲ್ಲಿ ಬೆಳ್ಳಗೆ ಹೊಳೆದದ್ದನ್ನೆಲ್ಲ ಕ್ವಾರಿ ಎಂದು ಗುರುತು ಹಾಕುತ್ತಾ ಹೋಗಿದ್ದೆ. ಅಂಥ ಒಂದು ಜಾಗಕ್ಕೆ ಮೊಬೈಲ್ ಜಿಪಿಎಸ್ ಹಿಡಿದು ಹೋದರೆ ಧೂಳಿಲ್ಲ, ಲಾರಿ ದಾರಿಯೂ ಇಲ್ಲ. ಕುರಿ ಕಾಯುತ್ತಿದ್ದ ಅಜ್ಜ ಹೇಳಿದರು: “ಅದು ಕ್ವಾರಿ ಅಲ್ಲಪ್ಪ, ಹಾಸುಬಂಡಿ. ಮಳಿ ಬಂದಾಗ ಗುಂಡ್ಯಾಗ ನೀರು ನಿಂದರ್ತಾವ, ಕರಡಿ ಕುಡಿಯಾಕ ಬರ್ತಾವ.” ಬಂಡೆಯ ಅಂಚಿನಲ್ಲಿ ಒಣಗಿದ ಲದ್ದಿ ಬಿದ್ದಿತ್ತು. ಕೋಲಿನಿಂದ ಬಿಡಿಸಿದೆ. ಹಣ್ಣಿನ ಬೀಜ, ಗೆದ್ದಲಿನ ತಲೆಯ ಚೂರು. ನಾನು ಅಪಾಯ ಎಂದು ಕೆಂಪು ಬಳಿದಿದ್ದ ಜಾಗ ಕರಡಿ ನೀರು ಕುಡಿಯುವ ಜಾಗವಾಗಿತ್ತು.

ಆಮೇಲೆ ಒಂದೇ ಚಿತ್ರವನ್ನು ನಂಬುವುದು ಬಿಟ್ಟೆ. ಹಾಸುಬಂಡೆ ಯಾವ ವರ್ಷ ನೋಡಿದರೂ ಹಾಗೇ ಇರುತ್ತದೆ, ಕ್ವಾರಿ ವರ್ಷವರ್ಷಕ್ಕೂ ಅಗಲವಾಗುತ್ತದೆ. ಜನವರಿಯನ್ನು ಜನವರಿಯ ಜೊತೆಗೇ ಹೋಲಿಸಬೇಕು. ಅಕ್ಟೋಬರ್ ಚಿತ್ರದ ಪಕ್ಕ ಏಪ್ರಿಲ್ ಚಿತ್ರ ಇಟ್ಟರೆ ಒಣಗಿದ ಹುಲ್ಲೂ ಅಗೆದ ನೆಲದ ಹಾಗೆ ಕಾಣುತ್ತದೆ. ಹೊಸ ಮಚ್ಚೆಗೆ ಹೊಸ ದಾರಿಯೂ ಬಂದು ಸೇರಿದ್ದರೆ ಅದು ಬಹುತೇಕ ಕ್ವಾರಿಯೇ. ಆದರೂ ಹೋಗಿ ನೋಡಿಯೇ ಗುರುತು ಹಾಕಿದೆ.

ಇನ್ನೊಂದು ಪದರ ಗುಡ್ಡಗಳದ್ದು. ಎತ್ತರದ ದತ್ತಾಂಶದಿಂದ ಇಳಿಜಾರು ತೆಗೆದು, ಕಡಿದಾದ ಕಲ್ಲುಗುಡ್ಡಗಳನ್ನೆಲ್ಲ ಬೇರೆ ಮಾಡಿದೆ. ಎಷ್ಟೋ ಗುಡ್ಡಗಳು 1 ಕಿ.ಮೀ. ಗೆರೆಯ ಆಚೆಗಿದ್ದವು. ಅಲ್ಲೂ ಗವಿಗಳಿವೆ, ಊರವರು ಬೆರಳು ಮಾಡಿ ತೋರಿಸುತ್ತಾರೆ. ಸುಮ್ನೆ ಬಫರ್ ಒಂದನ್ನೇ ನೋಡಿದ್ದರೆ ಅವೆಲ್ಲ ‘ಸುರಕ್ಷಿತ’ ಎಂದೇ ನಕ್ಷೆಯಲ್ಲಿ ಕೂರುತ್ತಿದ್ದವು. ಅದಕ್ಕೆ ಕ್ವಾರಿಗಳ ಪಟ್ಟಿಯಲ್ಲಿ ಗಡಿಯಿಂದ ಎಷ್ಟು ದೂರ ಎಂಬ ಕಾಲಂ ಪಕ್ಕದಲ್ಲೇ ಹತ್ತಿರದ ಗವಿಗೆ ಎಷ್ಟು ದೂರ ಎಂಬ ಕಾಲಂ ಸೇರಿಸಿದೆ. ಗವಿಯ ನಿಖರ ಜಾಗವನ್ನು ಮಾತ್ರ ಹೊರಗೆ ಕೊಡುವ ನಕ್ಷೆಯಲ್ಲಿ ಹಾಕಲಿಲ್ಲ, ಗುಡ್ಡಕ್ಕಷ್ಟೇ ಬಣ್ಣ ತುಂಬಿದೆ.