ಮುಂಬಯಿ ವಿಶ್ವವಿದ್ಯಾಲಯಕ್ಕೆ ಹೊರಟಿದ್ದೀರಾ? ದಾರಿ ತಪ್ಪದೆ ಕಲಿನಾ ತಲುಪುವುದು ಹೀಗೆ

ಊರಿಂದ ಮುಂಬಯಿಗೆ ಬರುವುದು ಕಷ್ಟವಲ್ಲ. ಕಷ್ಟ ಶುರುವಾಗುವುದು ಇಲ್ಲಿ ಬಂದು ಇಳಿದ ಮೇಲೆ. ವಿಚಾರ ಸಂಕಿರಣಕ್ಕೆ, ಪಿಎಚ್.ಡಿ. ಸಂದರ್ಶನಕ್ಕೆ, ಅಂಕಪಟ್ಟಿಯ ಕೆಲಸಕ್ಕೆ ಎಂದು ಕರ್ನಾಟಕದಿಂದ ಬರುವವರು ರಾತ್ರಿಯಿಡೀ ಪ್ರಯಾಣ ಮಾಡಿ ಸರಿಯಾದ ಹೊತ್ತಿಗೇ ನಗರ ಸೇರುತ್ತಾರೆ. ಆಮೇಲೆ ತಪ್ಪು ಕ್ಯಾಂಪಸ್ಸಿನ ಎದುರು, ಇಲ್ಲವೇ ಸ್ಟೇಷನ್ನಿನ ತಪ್ಪು ಬದಿಯಲ್ಲಿ ನಿಂತು ಫೋನ್ ಮಾಡುತ್ತಾರೆ. ವರ್ಷ ವರ್ಷವೂ ಇದನ್ನು ನೋಡಿ ಬೇಸರವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು: ಯಾವ ಕ್ಯಾಂಪಸ್?

1857ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯಕ್ಕೆ ನಗರದಲ್ಲಿ ಎರಡು ಮುಖ್ಯ ಕ್ಯಾಂಪಸ್ ಇವೆ. ರಾಜಾಬಾಯಿ ಗಡಿಯಾರ ಗೋಪುರ ಇರುವುದು ದಕ್ಷಿಣದ ಫೋರ್ಟ್ ಕ್ಯಾಂಪಸ್ಸಿನಲ್ಲಿ. ಫೋಟೋಗಳಲ್ಲಿ ಕಾಣುವುದೂ ಅದೇ, ಹಾಗಾಗಿ ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ಆದರೆ ಬಹುತೇಕ ವಿಭಾಗಗಳು ಇರುವುದು ಸಾಂತಾಕ್ರೂಜ್ ಪೂರ್ವದ ಕಲಿನಾದಲ್ಲಿ. ಅದಕ್ಕೆ ವಿದ್ಯಾನಗರಿ ಎಂದೂ ಹೆಸರು. ನಮ್ಮ ಕನ್ನಡ ವಿಭಾಗ ಅಲ್ಲಿನ ರಾನಡೆ ಭವನದಲ್ಲಿದೆ. ಜವಾಹರಲಾಲ್ ನೆಹರೂ ಗ್ರಂಥಾಲಯ, ಪರೀಕ್ಷಾ ಭವನ ಕೂಡ ಕಲಿನಾದಲ್ಲೇ. ಎರಡು ಕ್ಯಾಂಪಸ್‌ಗಳ ನಡುವೆ ಸುಮಾರು 20 ಕಿ.ಮೀ. ಇದೆ. ಬೆಳಗಿನ ಟ್ರಾಫಿಕ್‌ನಲ್ಲಿ ಅಷ್ಟು ದೂರ ವಾಪಸ್ ಬರುವಷ್ಟರಲ್ಲಿ ನಿಮ್ಮ ಗೋಷ್ಠಿ ಮುಗಿದೇ ಹೋಗಿರುತ್ತದೆ.

ಪತ್ರದಲ್ಲಿ ಪಿನ್‌ಕೋಡ್ ನೋಡಿ. 400098 ಇದ್ದರೆ ಕಲಿನಾ, 400032 ಇದ್ದರೆ ಫೋರ್ಟ್. ಪಿನ್‌ಕೋಡ್ ಇಲ್ಲದಿದ್ದರೆ ಕರೆದವರಿಗೆ ಫೋನ್ ಮಾಡಿ ಮೂರು ವಿಷಯ ಕೇಳಿ: ಯಾವ ಕ್ಯಾಂಪಸ್, ಯಾವ ಭವನ, ಯಾವ ಗೇಟ್ ಹತ್ತಿರ. ಸಂಕೋಚ ಬೇಡ. ಕರೆದವರು ಇಲ್ಲೇ ಓಡಾಡಿಕೊಂಡಿರುವವರು, ಹೊಸಬರಿಗೆ ಇದು ಗೊತ್ತಿರುವುದಿಲ್ಲ ಎಂದು ಅವರಿಗೆ ಹೊಳೆಯುವುದೇ ಇಲ್ಲ.

ಫೋರ್ಟ್ ಆಗಿದ್ದರೆ ಕೆಲಸ ಸುಲಭ. ಚರ್ಚ್‌ಗೇಟ್ ಸ್ಟೇಷನ್ನಿನಲ್ಲೋ ಮೆಟ್ರೋದ ಹುತಾತ್ಮಾ ಚೌಕ್‌ನಲ್ಲೋ ಇಳಿದು ನಡೆಯಿರಿ, ಅಷ್ಟೇ. ಮುಂದಿನದ್ದೆಲ್ಲ ಕಲಿನಾಕ್ಕೆ ಹೋಗುವವರಿಗೆ.

ಎರಡು: ಎಲ್ಲಿ ಇಳಿಯಬೇಕು?

ಕರಾವಳಿಯಿಂದ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಬರುವವರು ಅದೃಷ್ಟವಂತರು. ಅದು ಕೊನೆಗೆ ನಿಲ್ಲುವ ಲೋಕಮಾನ್ಯ ತಿಲಕ್ ಟರ್ಮಿನಸ್ ಕುರ್ಲಾದ ಪಕ್ಕದಲ್ಲೇ ಇದೆ. ಅಲ್ಲಿಂದ ಸಾಂತಾಕ್ರೂಜ್–ಚೆಂಬೂರ್ ಲಿಂಕ್ ರೋಡ್ ಹಿಡಿದು ರಿಕ್ಷಾದಲ್ಲಿ ನೇರ ಬನ್ನಿ. ಒಂದೇ ಎಚ್ಚರಿಕೆ: ಪ್ಲಾಟ್‌ಫಾರ್ಮ್‌ಗೇ ಬಂದು ಬ್ಯಾಗ್ ಹಿಡಿದು "ಎಲ್ಲಿಗೆ?" ಎಂದು ಕೇಳುವವರ ಹಿಂದೆ ಹೋಗಬೇಡಿ. ಹೊರಗೆ ಬಂದು ಮೀಟರ್ ಹಾಕುವ ರಿಕ್ಷಾ ಹುಡುಕಿ.

ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಶರಾವತಿ ಎಕ್ಸ್‌ಪ್ರೆಸ್‌ನಲ್ಲಿ ಬರುವವರಿಗೆ ದಾದರ್ ಕೊನೆಯ ಸ್ಟಾಪ್. ಕಲಬುರಗಿ, ರಾಯಚೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬರುವವರೂ ದಾದರ್‌ನಲ್ಲೇ ಇಳಿಯಲಿ. ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ವರೆಗೆ ಹೋಗುವುದೆಂದರೆ ಸುಮ್ನೆ ಮುಂದೆ ಹೋಗಿ ಹಿಂದೆ ಬಂದಂತೆ. ಖಾಸಗಿ ಬಸ್ಸಿನವರು ಹತ್ತುವಾಗಲೇ ಡ್ರೈವರನ್ನು ಕೇಳಿಕೊಳ್ಳಿ. ಬೋರಿವಲಿ ಕಡೆಗೆ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಹೋಗುವ ಬಸ್ಸಾದರೆ ವಾಕೋಲಾದಲ್ಲಿ ಇಳಿಯಬಹುದು, ಕ್ಯಾಂಪಸ್ ಅಲ್ಲಿಂದ ಹತ್ತಿರ.

ವಿಮಾನದವರು ಟಿಕೆಟ್ ಸರಿಯಾಗಿ ಓದಿಕೊಳ್ಳಿ. ಈಗ ನವಿ ಮುಂಬಯಿಯಲ್ಲೂ ವಿಮಾನ ನಿಲ್ದಾಣವಿದೆ, ಅದು ಕಲಿನಾಕ್ಕೆ ಬಹಳ ದೂರ. ಹಳೆಯ ನಿಲ್ದಾಣದ ಎರಡೂ ಟರ್ಮಿನಲ್‌ಗಳು ಹತ್ತಿರ.

ಮೂರು: ದಾದರ್‌ನಿಂದ ಸಾಂತಾಕ್ರೂಜ್

ಇಲ್ಲಿ ನಿಧಾನವಾಗಿ ಓದಿ. ಹೆಚ್ಚಿನವರು ಎಡವುವುದು ಇಲ್ಲೇ.

ದಾದರ್‌ವರೆಗೆ ನೀವು ತೆಗೆದ ರಿಸರ್ವೇಶನ್ ಟಿಕೆಟ್ ದಾದರ್‌ಗೆ ಮುಗಿಯಿತು. ನಗರದೊಳಗಿನ ಲೋಕಲ್ ರೈಲಿಗೆ ಬೇರೆ ಟಿಕೆಟ್ ಬೇಕು. ಸೆಕೆಂಡ್ ಕ್ಲಾಸ್‌ಗೆ 5 ರೂಪಾಯಿ. ಅದನ್ನು ಉಳಿಸಲು ಹೋಗಿ ಕನಿಷ್ಠ 250 ರೂಪಾಯಿ ದಂಡ ಕಟ್ಟಬೇಡಿ. ಮೊಬೈಲ್ ಆಪ್‌ನಲ್ಲಿ ತೆಗೆಯುವುದಾದರೆ ಒಂದು ಮಾತು ನೆನಪಿಡಿ: ಸ್ಟೇಷನ್ನಿನ ಒಳಗೆ ನಿಂತರೆ ಆಪ್ ಟಿಕೆಟ್ ಕೊಡುವುದಿಲ್ಲ.  ಟಿಕೆಟ್ ಬಾರದಿದ್ದರೆ ಕೌಂಟರ್ ಕ್ಯೂನಲ್ಲಿ ನಿಲ್ಲಿ, ಫೋನ್ ಜೊತೆ ಗುದ್ದಾಡುತ್ತಾ ಅರ್ಧ ಗಂಟೆ ಕಳೆಯಬೇಡಿ.

ಪ್ಲಾಟ್‌ಫಾರ್ಮ್ ನಂಬರ್ ವಿಷಯ. ದಾದರ್‌ನಲ್ಲಿ ಮೊದಲು ವೆಸ್ಟರ್ನ್ ಲೈನಿಗೂ ಸೆಂಟ್ರಲ್ ಲೈನಿಗೂ ಒಂದರಿಂದಲೇ ಎಣಿಕೆ ಇತ್ತು. 2023ರ ಡಿಸೆಂಬರ್‌ನಲ್ಲಿ ಅದನ್ನು ಬದಲಿಸಿದರು. ಈಗ 1ರಿಂದ 7 ವೆಸ್ಟರ್ನ್, 8ರಿಂದ 14 ಸೆಂಟ್ರಲ್. ಹಳೆಯ ನಂಬರ್ ನೆನಪಿಟ್ಟುಕೊಂಡ ನೆಂಟರ ಮಾತು ಕೇಳಿ ಓಡಬೇಡಿ. ನಿಮ್ಮ ರೈಲು ಬರುವುದು ಸೆಂಟ್ರಲ್ ಬದಿಗೆ. ನೀವು ಸೇತುವೆ ಹತ್ತಿ ವೆಸ್ಟರ್ನ್ ಬದಿಗೆ ಹೋಗಬೇಕು.

ಈಗ ಇಂಡಿಕೇಟರ್ ನೋಡಿ. ಬೋರಿವಲಿ, ಅಂಧೇರಿ, ವಿರಾರ್ ಯಾವುದಾದರೂ ಸರಿ, ಆದರೆ ಸ್ಲೋ ಗಾಡಿಯೇ ಆಗಬೇಕು. ಪಕ್ಕದಲ್ಲಿ ಎಸ್ ಎಂದಿರುತ್ತದೆ. ಎಫ್ ಎಂದಿದ್ದರೆ ಫಾಸ್ಟ್. ಫಾಸ್ಟ್ ಗಾಡಿ ಸಾಂತಾಕ್ರೂಜ್‌ನಲ್ಲಿ ನಿಲ್ಲುವುದಿಲ್ಲ, ಬಾಂದ್ರಾ ಬಿಟ್ಟರೆ ಅಂಧೇರಿ. ಗೊತ್ತಿಲ್ಲದೆ ಫಾಸ್ಟ್ ಹತ್ತಿದ್ದರೆ ಗಾಬರಿ ಬೇಡ. ಬಾಂದ್ರಾದಲ್ಲಿ ಇಳಿದು ಸ್ಲೋ ಹಿಡಿಯಿರಿ. ಸ್ಲೋ ಗಾಡಿಯಲ್ಲಿ ಎಣಿಸುತ್ತಾ ಹೋಗಿ: ಮಾಟುಂಗಾ ರೋಡ್, ಮಾಹಿಮ್, ಬಾಂದ್ರಾ, ಖಾರ್ ರೋಡ್, ಆಮೇಲೆ ಸಾಂತಾಕ್ರೂಜ್. ಖಾರ್ ಬಿಟ್ಟ ಕೂಡಲೇ ಬಾಗಿಲ ಹತ್ತಿರ ಬನ್ನಿ. ಲೋಕಲ್ ನಿಲ್ಲುವುದು ಅರ್ಧ ನಿಮಿಷವೂ ಇಲ್ಲ.

ಹತ್ತುವ ಮುಂಚೆ ಬೋಗಿ ನೋಡಿ. ಫಸ್ಟ್ ಕ್ಲಾಸ್, ಮಹಿಳೆಯರದು, ಅಂಗವಿಕಲರದು ಎಲ್ಲವೂ ಬೇರೆ ಬೇರೆ. ಎಸಿ ಲೋಕಲ್‌ಗೆ ಸಾಮಾನ್ಯ ಟಿಕೆಟ್ ನಡೆಯುವುದಿಲ್ಲ. ದೊಡ್ಡ ಸೂಟ್‌ಕೇಸ್ ಇದ್ದರೆ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಲೋಕಲ್ ಬೇಡವೇ ಬೇಡ. ಇದರಲ್ಲಿ ನಾನು ಹಟಮಾರಿ. ಮನೆಯವರನ್ನೂ ಹತ್ತಲು ಬಿಡುವುದಿಲ್ಲ.

ಲಗೇಜ್ ಇದ್ದರೆ ಮೆಟ್ರೋ

ಸೂಟ್‌ಕೇಸ್ ಇದ್ದವರಿಗೆ, ವಯಸ್ಸಾದವರಿಗೆ ನಾನು ಹೇಳುವುದು ಮೆಟ್ರೋ 3, ಅಂದರೆ ಆಕ್ವಾ ಲೈನ್. 2024ರ ಅಕ್ಟೋಬರ್‌ನಲ್ಲಿ ಮೊದಲ ಭಾಗ, 2025ರ ಅಕ್ಟೋಬರ್‌ನಲ್ಲಿ ಪೂರ್ತಿ ಮಾರ್ಗ ಶುರುವಾಯಿತು. ಕಫ್ ಪರೇಡ್‌ನಿಂದ ಆರೆವರೆಗೆ 33.5 ಕಿ.ಮೀ., 27 ನಿಲ್ದಾಣ. ಸಿಎಸ್‌ಎಂಟಿ, ದಾದರ್, ವಿಮಾನ ನಿಲ್ದಾಣದ ಎರಡೂ ಟರ್ಮಿನಲ್ ಇದರಲ್ಲೇ ಬರುತ್ತವೆ.

ಇಳಿಯಬೇಕಾದ ನಿಲ್ದಾಣದ ಹೆಸರು ಬಾಂದ್ರಾ ಕಾಲೊನಿ. ಮೊದಲು ಇದಕ್ಕೆ ವಿದ್ಯಾನಗರಿ ಎಂದೇ ಹೆಸರಿಟ್ಟಿದ್ದರು, ಹಳೆಯ ನಕ್ಷೆಗಳಲ್ಲಿ ಹಾಗೇ ಇದೆ. ಹೆಸರು ಬದಲಾದ ಮೇಲೆ, ಬಾಂದ್ರಾಕ್ಕೂ ನಮಗೂ ಏನು ಸಂಬಂಧ ಎಂದುಕೊಂಡು ಜನ ಮುಂದೆ ಹೋಗಿಬಿಡುತ್ತಾರೆ. ಟರ್ಮಿನಲ್ 2ರಿಂದ ಕಫ್ ಪರೇಡ್ ಕಡೆಗೆ ಹೊರಟರೆ ಸಹಾರ್ ರೋಡ್, ಟರ್ಮಿನಲ್ 1, ಸಾಂತಾಕ್ರೂಜ್, ಆಮೇಲೆ ಬಾಂದ್ರಾ ಕಾಲೊನಿ. ಮೆಟ್ರೋದ ಸಾಂತಾಕ್ರೂಜ್ ಬೇರೆ, ರೈಲಿನ ಸಾಂತಾಕ್ರೂಜ್ ಬೇರೆ. ಎರಡನ್ನೂ ಒಂದೇ ಎಂದುಕೊಂಡು "ಅಲ್ಲೇ ಭೇಟಿ ಆಗೋಣ" ಎನ್ನಬೇಡಿ. ನೆಲದಡಿ ಫೋನ್ ನೆಟ್‌ವರ್ಕ್ ಕೈಕೊಡುವುದುಂಟು, ಅದಕ್ಕೇ ಭವನದ ಹೆಸರು, ಕರೆದವರ ನಂಬರ್ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಫುಟ್‌ಪಾತ್‌ನಲ್ಲಿ ಮಾರುವ ಮಡಚುವ ನಕ್ಷೆ ಕೊಳ್ಳಬೇಡಿ. ಹಳೆಯದಾದರೆ ಅದರಲ್ಲಿ ಈ ಲೈನೇ ಇರುವುದಿಲ್ಲ.

ನಾಲ್ಕು: ಸ್ಟೇಷನ್ನಿನಿಂದ ಗೇಟಿಗೆ

ಸಾಂತಾಕ್ರೂಜ್‌ನಲ್ಲಿ ಪೂರ್ವಕ್ಕೇ ಇಳಿಯಬೇಕು. ಪಶ್ಚಿಮಕ್ಕೆ ಇಳಿದು "ಯೂನಿವರ್ಸಿಟಿ" ಎಂದರೆ ರಿಕ್ಷಾದವರು ಜುಹೂ ರೋಡಿನ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯಕ್ಕೆ ಕರೆದೊಯ್ಯುತ್ತಾರೆ. ತಪ್ಪು ಅವರದಲ್ಲ, ಆ ಬದಿಯಲ್ಲಿ ಅದೇ ಯೂನಿವರ್ಸಿಟಿ ಅಲ್ವಾ? ಪೂರ್ವದಲ್ಲಿ "ಕಲಿನಾ, ಮುಂಬಯಿ ವಿದ್ಯಾಪೀಠ" ಎನ್ನಿ. ವಿದ್ಯಾಪೀಠ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಗೇಟಿನ ಹೆಸರನ್ನೂ ಸೇರಿಸಿ ಹೇಳಿ. ಒಂದು ಸಿಎಸ್‌ಟಿ ರೋಡಿನ ಕಡೆ, ಇನ್ನೊಂದು ವಾಕೋಲಾ ಬದಿಯ ಹಂಸ್ ಭುಗ್ರಾ ಮಾರ್ಗದ ಕಡೆ. ಕ್ಯಾಂಪಸ್ ವಿಶಾಲವಾಗಿದೆ. ತಪ್ಪು ಗೇಟಿನಲ್ಲಿ ಇಳಿದರೆ ಬಿಸಿಲಲ್ಲಿ ಬ್ಯಾಗ್ ಹೊತ್ತು ನಡೆಯಬೇಕಾಗುತ್ತದೆ. ಟ್ಯಾಕ್ಸಿಯವರಿಗೆ ಬರೀ "ಸಿಎಸ್‌ಟಿ" ಎಂದು ಮಾತ್ರ ಹೇಳಲೇಬೇಡಿ, ಸೀದಾ ದಕ್ಷಿಣದ ದೊಡ್ಡ ರೈಲು ನಿಲ್ದಾಣಕ್ಕೆ ಹೋಗಿಬಿಡುತ್ತಾರೆ (ಸಿಎಸ್‌ಎಂಟಿಯ ಹಳೆಯ ಹೆಸರು ಸಿಎಸ್‌ಟಿ). ಈ ರಸ್ತೆಗೂ ಆ ನಿಲ್ದಾಣಕ್ಕೂ ಸಂಬಂಧವೇ ಇಲ್ಲ. 1928ರಿಂದ 1934ರವರೆಗೆ ಟ್ರಾಂಬೆಯಿಂದ ಅಂಧೇರಿಗೆ ಓಡುತ್ತಿದ್ದ ಸೆಂಟ್ರಲ್ ಸಾಲ್ಸೆಟ್ ಟ್ರಾಮ್‌ವೇಯ ಹೆಸರು ರಸ್ತೆಗೆ ಉಳಿದುಕೊಂಡಿದೆ. ಕ್ಯಾಬ್ ಆಪ್‌ನಲ್ಲಿ ಬುಕ್ ಮಾಡುವವರೂ ವಿಶ್ವವಿದ್ಯಾಲಯದ ಹೆಸರು ಹಾಕಿ ಬಿಡಬೇಡಿ, ಗೇಟಿನ ಮೇಲೇ ಪಿನ್ ಇಡಿ.

ರಿಕ್ಷಾ ಮೀಟರ್ ಮೊದಲ 1.5 ಕಿ.ಮೀ.ಗೆ 26 ರೂಪಾಯಿ. ಸ್ಟೇಷನ್ನಿನಿಂದ ಕ್ಯಾಂಪಸ್‌ಗೆ ಸುಮಾರು ಮೂರು ಕಿ.ಮೀ., ಐವತ್ತು ರೂಪಾಯಿ ಆಸುಪಾಸು. ನೂರೈವತ್ತು ಕೇಳಿದರೆ ವಾದ ಮಾಡದೆ ಮುಂದಿನ ರಿಕ್ಷಾಕ್ಕೆ ಹೋಗಿ. ರಾತ್ರಿ ಹನ್ನೆರಡರಿಂದ ಬೆಳಗಿನ ಐದರವರೆಗೆ ಕಾಲು ಭಾಗ ಜಾಸ್ತಿ, ಅದು ನಿಯಮವೇ. ಬಾಂದ್ರಾ, ಸಾಯನ್ ದಾಟಿ ದಕ್ಷಿಣಕ್ಕೆ ರಿಕ್ಷಾ ಹೋಗುವಂತಿಲ್ಲ. ಹಾಗಾಗಿ ದಾದರ್‌ನಲ್ಲಿ ರಿಕ್ಷಾ ಹುಡುಕುತ್ತಾ ನಿಲ್ಲಬೇಡಿ, ಅಲ್ಲಿ ಸಿಗುವುದು ಕಾಳಿ-ಪೀಳಿ, ಅಂದರೆ ಕಪ್ಪು-ಹಳದಿ ಟ್ಯಾಕ್ಸಿ.

ಬೆಸ್ಟ್ ಬಸ್ಸೂ (ನಗರ ಸಾರಿಗೆ) ಇದೆ. ಸಾಂತಾಕ್ರೂಜ್ ಪೂರ್ವ ಮತ್ತು ಕುರ್ಲಾ ಪಶ್ಚಿಮದ ನಡುವೆ ಓಡುವ 313 ಕಲಿನಾ ಮೇಲೆಯೇ ಹೋಗುತ್ತದೆ. 2025ರ ಮೇ ತಿಂಗಳಿಂದ ಕನಿಷ್ಠ ದರ 10 ರೂಪಾಯಿ, ಎಸಿಗೆ 12. ಬಸ್ಸಿನ ಮುಂದಿನ ನಂಬರ್ ದೇವನಾಗರಿ ಅಂಕಿಯಲ್ಲಿ ಇರುವುದರಿಂದ ಓದಲು ಬಾರದವರು ಕಂಡಕ್ಟರನ್ನು ಕೇಳಿಯೇ ಹತ್ತಿ. ಕುರ್ಲಾ ಸ್ಟೇಷನ್ನಿನಿಂದಲೂ ಬರಬಹುದು, ಆದರೆ ಪಶ್ಚಿಮದ ಹೊರಭಾಗದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೊಸಬರಿಗೆ ಸಾಂತಾಕ್ರೂಜೇ ಸರಿ.

ಐದು: ಗೇಟಿನ ಒಳಗೆ

ಗುರುತಿನ ಚೀಟಿ ತೋರಿಸಿ, ಭವನದ ಹೆಸರು ಕೇಳಿಕೊಂಡು ನಡೆಯಿರಿ.

ದಿನ ನೋಡಿ ಹೊರಡಿ

ಭಾನುವಾರ ಲೋಕಲ್‌ಗಳಿಗೆ ಮೆಗಾ ಬ್ಲಾಕ್, ಅಂದರೆ ದುರಸ್ತಿಗಾಗಿ ಕೆಲವು ಗಂಟೆ ಹಳಿ ಬಂದ್, ಇರುತ್ತದೆ. ಯಾವ ಲೈನು, ಎಷ್ಟು ಹೊತ್ತು ಎಂಬುದು ಹಿಂದಿನ ದಿನದ ಪತ್ರಿಕೆಯಲ್ಲಿ ಬರುತ್ತದೆ. ಮಳೆಗಾಲದಲ್ಲಿ ಕುರ್ಲಾ, ಸಾಯನ್ ಹಳಿಗಳಿಗೆ ನೀರು ನುಗ್ಗುತ್ತದೆ, ಸಾಂತಾಕ್ರೂಜ್ ಹತ್ತಿರದ ಮಿಲನ್ ಸಬ್‌ವೇ ಕೂಡ ಮುಳುಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸವಿದ್ದರೆ ಹಿಂದಿನ ದಿನವೇ ಬಂದು ಉಳಿದುಕೊಳ್ಳಿ. ಸಂಜೆ ದಾದರ್‌ನಿಂದ ಊರಿನ ರೈಲು ಹಿಡಿಯುವವರು ಕ್ಯಾಂಪಸ್ಸಿನಿಂದ ಎರಡು ಗಂಟೆ ಮೊದಲೇ ಹೊರಡಿ. ಆ ಹೊತ್ತಿಗೆ ದಕ್ಷಿಣಕ್ಕೆ ಹೋಗುವ ಲೋಕಲ್‌ನಲ್ಲಿ ಎದುರಿನ ದಿಕ್ಕಿನಷ್ಟು ರಶ್ ಇರುವುದಿಲ್ಲ. ತಡವಾಗುವುದು ಲೋಕಲ್‌ನಲ್ಲಲ್ಲ, ಗೇಟಿನಿಂದ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ.